ರೊಟ್ಟಿ ಕಟ್ಟಿ ಕಳಿಸಿದವಳು

ನಾನು ನಿವೃತ್ತಳಾಗುವುದಕ್ಕೆ ಎರಡು ವರ್ಷ ಮುಂಚಿನ ಶ್ರಾವಣ ಅದು. ಬಳ್ಳಾರಿಯ ಒಂದು ರಕ್ತನಿಧಿಯಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ತುಂಗಭದ್ರೆ, ಹಗರಿ ಎರಡೂ ಒಟ್ಟಿಗೆ ತುಂಬಿ ಬಂದು, ಸಿರುಗುಪ್ಪ ತಾಲೂಕಿನ ದಂಡೆಯ ಹಳ್ಳಿಗಳ ಜನ ಶಾಲೆಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಬೀಡುಬಿಟ್ಟಿದ್ದರು. ಅಕ್ಕಿ, ಹೊದಿಕೆ, ಔಷಧಿ ಹೊಂದಿಸುವವರು ಬೇರೆ ಇದ್ದರು. ಆ ಕಡೆಗೆ ರಕ್ತ ಹೊಂದಿಸಿ ಕಳಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ನೆರೆ ಬಂದಾಗ ರಕ್ತಕ್ಕೆ ಬರ ಬರುವುದಿಲ್ಲ, ಇದು ಹೊರಗಿನವರಿಗೆ ಗೊತ್ತಿಲ್ಲ. ಸುದ್ದಿ ಹಬ್ಬಿದ ಬೆಳಿಗ್ಗೆಯೇ ಬ್ರೂಸ್‌ಪೇಟೆಯ ವ್ಯಾಪಾರಿಗಳು, ಜೀನ್ಸ್ ಹೊಲಿಯುವ ಹುಡುಗರು, ಆಟೋದವರು ಎಲ್ಲರೂ ಅಂಗಿಯ ತೋಳು ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅರ್ಧ ಜನರನ್ನು ಹದಿನೈದು ದಿನ ಬಿಟ್ಟು ಬನ್ನಿ ಎಂದು ವಾಪಸು ಕಳಿಸಿದೆ. ಕೆಲವರು ಮುನಿಸಿಕೊಂಡರು. ಏನು ಮಾಡಲಿ, ರಕ್ತ ಉಪ್ಪಿನಕಾಯಿಯಲ್ಲ, ಜಾಡಿಯಲ್ಲಿ ತುಂಬಿ ವರ್ಷವಿಡೀ ಇಡುವುದಕ್ಕೆ. ತಿಂಗಳ ಮೇಲೆ ನಾಲ್ಕೈದು ದಿನ ದಾಟಿದರೆ ಚೆಲ್ಲಬೇಕಾಗುತ್ತದೆ. ಇವತ್ತೇ ಎಲ್ಲರ ರಕ್ತ ತೆಗೆದರೆ ಮುಂದಿನ ತಿಂಗಳು ಕೊಡುವವರೇ ಇರುವುದಿಲ್ಲ.

ನಿಜವಾದ ತೊಡಕು ದಾರಿಯದು. ಸಿರುಗುಪ್ಪದಲ್ಲಿ ಇದ್ದದ್ದು ರಕ್ತ ಸಂಗ್ರಹ ಘಟಕ ಮಾತ್ರ. ನಾವು ಕಳಿಸಿದ ಚೀಲಗಳನ್ನು ಅಲ್ಲಿ ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದು, ದಾನಿಯಿಂದ ತೆಗೆಯುವಂತಿಲ್ಲ. ನಡುವೆ ಒಂದು ಹಳ್ಳ ರಸ್ತೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಆಂಬುಲೆನ್ಸ್ ಹಳ್ಳದವರೆಗೆ, ಅಲ್ಲಿಂದ ಅಗ್ನಿಶಾಮಕ ದಳದ ರಬ್ಬರ್ ದೋಣಿ, ಆಚೆ ದಡದಲ್ಲಿ ಇನ್ನೊಂದು ಜೀಪು. ನಮ್ಮ ಐಸ್ ಪೆಟ್ಟಿಗೆ ಹೀಗೆ ಮೂರು ಕೈ ದಾಟಿ ಹೋಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಆ ದಾರಿಯಲ್ಲೇ ಒಂದು ರಕ್ತದ ಸ್ಯಾಂಪಲ್ ಬಂತು. ನಾಗಮ್ಮ, ಇಪ್ಪತ್ತೈದರ ಆಸುಪಾಸಿನ ಬಾಣಂತಿ. ಪರಿಹಾರ ಕೇಂದ್ರದಲ್ಲೇ ಹೆರಿಗೆಯಾಗಿ, ವಿಪರೀತ ರಕ್ತ ಹೋಗಿ, ಸಿರುಗುಪ್ಪ ಆಸ್ಪತ್ರೆಗೆ ಸೇರಿದ್ದಳು. ಅಲ್ಲಿನ ವೈದ್ಯ ಡಾ. ಶ್ರೀನಿಧಿ ಫೋನಿನಲ್ಲಿ ಹೇಳಿದ್ದು ಇಷ್ಟು: ಸ್ರಾವ ನಿಂತಿದೆ, ಆದರೆ ಮತ್ತೊಮ್ಮೆ ಶುರುವಾದರೆ ತಡೆದುಕೊಳ್ಳುವಷ್ಟು ರಕ್ತ ಮೈಯಲ್ಲಿಲ್ಲ; ಈ ಸ್ಥಿತಿಯಲ್ಲಿ ಹಳ್ಳ ದಾಟಿಸುವ ಮಾತೂ ಇಲ್ಲ. ಅವರಲ್ಲಿದ್ದ ಓ ಗುಂಪಿನ ಚೀಲಗಳಲ್ಲಿ ಒಂದೂ ಅವಳಿಗೆ ಹೊಂದಿರಲಿಲ್ಲ.

ಹೊಂದುವುದು ಎಂದರೆ ಕ್ರಾಸ್‌ಮ್ಯಾಚ್. ರೋಗಿಯ ರಕ್ತದ ತಿಳಿಗೆ ದಾನಿಯ ಕೆಂಪು ಕಣ ಬೆರೆಸುತ್ತೇವೆ. ಸರಿಹೋದರೆ ನಯವಾಗಿ ಹರಡಿಕೊಂಡಿರುತ್ತದೆ, ಇಲ್ಲದಿದ್ದರೆ ಒಡೆದ ಹಾಲಿನಂತೆ ಗಂಟುಗಂಟಾಗುತ್ತದೆ. ನಾಗಮ್ಮನ ಗುಂಪು ನೋಡಿದೆ, ನನಗೂ ಓ ಪಾಸಿಟಿವ್ ಎಂದೇ ಬಂತು. ನಮ್ಮ ಓ ಚೀಲಗಳನ್ನು ಒಂದೊಂದಾಗಿ ಬೆರೆಸಿದೆ. ಎಲ್ಲವೂ ಗಂಟು. ದಾರಿಯಲ್ಲಿ ಸ್ಯಾಂಪಲ್ ಕೆಟ್ಟಿರಬಹುದು ಎಂದು ಇನ್ನೊಂದು ತರಿಸಿದೆ. ಅದೂ ಗಂಟೇ.

ನಮ್ಮವ್ವ ನನ್ನನ್ನು ತಿಪ್ಪೆ ಕೆದರುವ ಕೋಳಿ ಎನ್ನುತ್ತಿದ್ದಳು. ಒಂದು ಸಂಗತಿ ಅರ್ಥವಾಗದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾರಿಗೆ ಬೇಕಾದರೂ ಕೊಡಬಹುದು ಎನ್ನುವ ಓ ರಕ್ತ, ಓ ಗುಂಪಿನವಳಿಗೇ ವಿಷವಾಗುವುದು ಎಂದರೇನು? ಫ್ರಿಜ್‌ನ ಮೂಲೆಯಲ್ಲಿದ್ದ, ವರ್ಷಕ್ಕೊಮ್ಮೆಯೂ ತೆಗೆಯದ ಆಂಟಿ-ಎಚ್ ಎಂಬ ದ್ರಾವಣದ ಶೀಶೆ ನೆನಪಾಯಿತು. ಮಾಮೂಲಿ ಓ ರಕ್ತಕ್ಕೆ ಇದರ ಹನಿ ಬಿದ್ದರೆ ಗಂಟು ಕಟ್ಟಲೇಬೇಕು. ನಾಗಮ್ಮನ ರಕ್ತ ಸುಮ್ಮನೆ ಕೆಂಪಗೆ ಹರಡಿಕೊಂಡಿತು. ಅದು ಓ ಅಲ್ಲ, ಬಾಂಬೆ ಗುಂಪು. ಹತ್ತು ಸಾವಿರಕ್ಕೊಬ್ಬರಲ್ಲಿ ಸಿಕ್ಕೀತು ಎಂದು ನಾವು ಓದಿದ್ದ ಗುಂಪು. ಅಷ್ಟು ವರ್ಷದ ನೌಕರಿಯಲ್ಲಿ ಕಣ್ಣಾರೆ ಕಂಡದ್ದು ಅದೇ ಮೊದಲು. ಖುಷಿಯಾಯಿತು, ಮರುಕ್ಷಣವೇ ಭಯವಾಯಿತು. ಈ ಗುಂಪಿನವರಿಗೆ ಈ ಗುಂಪಿನವರ ರಕ್ತವೇ ಆಗಬೇಕು.

ಬೆಂಗಳೂರಿನಲ್ಲಿ ಇಬ್ಬರು ದಾನಿಗಳಿದ್ದರು. ಒಬ್ಬರು ಹೊರದೇಶದಲ್ಲಿ, ಇನ್ನೊಬ್ಬರು ಹಿಂದಿನ ತಿಂಗಳಷ್ಟೇ ಕೊಟ್ಟವರು. ಉಳಿದದ್ದು ರಕ್ತಸಂಬಂಧ. ಈ ಗುಂಪು ತಂದೆ ತಾಯಿ ಇಬ್ಬರ ಕಡೆಯಿಂದಲೂ ಇಳಿದು ಬರಬೇಕು. ಒಡಹುಟ್ಟಿದವರಲ್ಲಿ ನಾಲ್ಕಕ್ಕೊಬ್ಬರಿಗೆ ಸಿಗುವ ಸಂಭವವಿರುತ್ತದೆ. ನಾಗಮ್ಮನ ತವರು ಕುರುಗೋಡು, ಅದೃಷ್ಟಕ್ಕೆ ಹಳ್ಳದ ಈಚೆಗೆ. ರಾತ್ರಿಯೇ ಅವಳಣ್ಣ ದೊಡ್ಡಬಸಪ್ಪನಿಗೆ ಫೋನ್ ಮಾಡಿ, ಬೆಳಿಗ್ಗೆ ಹೊಟ್ಟೆ ತುಂಬ ಉಂಡುಕೊಂಡು ಎಲ್ಲರೂ ಬನ್ನಿ ಎಂದೆ.

ಮರುದಿನ ಬೆಳಿಗ್ಗೆಯೇ ಬಂದರು ನೋಡಿ, ಒಂದು ಟ್ರ್ಯಾಕ್ಟರ್ ತುಂಬ. ಅಣ್ಣಂದಿರಿಬ್ಬರು, ಅಪ್ಪ, ದೊಡ್ಡಪ್ಪ, ಅವರ ಮಕ್ಕಳು, ಮೊಮ್ಮಕ್ಕಳು. ಜೊತೆಗೆ ದೊಡ್ಡದೊಂದು ರೊಟ್ಟಿಯ ಗಂಟು. ನಮ್ಮ ಅಂಗಳದಲ್ಲಿ ನಿಬ್ಬಣದ ಕಳೆ ಬಂತು. ಅಣ್ಣಂದಿರಿಂದ ಶುರುಮಾಡಿ ಒಬ್ಬೊಬ್ಬರನ್ನೇ ಪರೀಕ್ಷಿಸಿದೆ. ಓ, ಬಿ, ಓ, ಓ, ಎ. ಒಂದು ಹನಿ ಆಂಟಿ-ಎಚ್ ಬಿದ್ದರೆ ಸಾಕು, ಓ ಎಂದವರದೆಲ್ಲ ಗಂಟು ಕಟ್ಟುತ್ತಿತ್ತು. ಕೊನೆಯವನದೂ ಮುಗಿಯಿತು, ಬಾಂಬೆ ಗುಂಪು ಸಿಗಲಿಲ್ಲ. ಅಷ್ಟರಲ್ಲಿ ಡಾ. ಶ್ರೀನಿಧಿಯ ಫೋನ್ ಬಂತು. ನಾಗಮ್ಮನ ನಾಡಿ ಓಡುತ್ತಿದೆ, ಸ್ವಲ್ಪ ಸ್ರಾವ ಮತ್ತೆ ಕಾಣಿಸಿಕೊಂಡಿದೆ ಎಂದರು.

ಹೊರಗೆ ಬಂದೆ. ಕೆಲಸವಾಗಲಿಲ್ಲ ಎಂದು ಹೇಗೆ ಹೇಳುವುದು ಎಂದು ತಿಳಿಯದೆ, ಅಪ್ಪ ಅವ್ವ ಸಂಬಂಧದಲ್ಲೇ ಮದುವೆಯಾದವರೇ ಎಂದು ದೊಡ್ಡಬಸಪ್ಪನನ್ನು ಕೇಳಿದೆ. ಹೌದು, ಅವ್ವ ಅಪ್ಪನಿಗೆ ಸ್ವಂತ ಅಕ್ಕನ ಮಗಳು ಎಂದ. ಅಂದರೆ ನನ್ನ ಲೆಕ್ಕ ತಪ್ಪಿಲ್ಲ, ಈ ಮನೆಯಲ್ಲಿ ಇನ್ನೊಬ್ಬರು ಇರಬಹುದು. ಅವನು ಸೌಜನ್ಯಕ್ಕೆ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕೆಂಪು ಖಾರ. ಇಷ್ಟು ಜನಕ್ಕೆ ಇಷ್ಟು ರೊಟ್ಟಿ! ನನ್ನ ಕೋಳಿಬುದ್ಧಿ ಸುಮ್ಮನಿರಲಿಲ್ಲ.

"ಇಷ್ಟೆಲ್ಲಾ ಬಡಿದಾಕಿ ಯಾರಪ್ಪ?"

"ನಮ್ಮ ಈರಮ್ಮ ರೀ. ನಾಗಮ್ಮನ ಬೆನ್ನಿಗೆ ಹುಟ್ಟಿದಾಕಿ. ಊರಾಗ ಕೊಟ್ಟೇವಿ, ಸುದ್ದಿ ಕೇಳಿ ನಸುಕಿನ್ಯಾಗ ಬಂದು ಒಲಿ ಹಚ್ಚಿದ್ಲು."

ನನಗೆ ಸಿಟ್ಟು ಬಂತು, ನಗೆಯೂ ಬಂತು. ದೊಡ್ಡಪ್ಪನ ಮೊಮ್ಮಗನವರೆಗೆ ಕರೆತಂದವರು ಸ್ವಂತ ತಂಗಿಯನ್ನು ಯಾಕೆ ಬಿಟ್ಟು ಬಂದಿರಿ, ಎಲ್ಲರೂ ಬನ್ನಿ ಎಂದಿದ್ದೆನಲ್ಲ ಎಂದೆ. ದೊಡ್ಡಬಸಪ್ಪ ನಿಜವಾಗಿಯೂ ಬೆರಗಾದ.

"ಎಲ್ಲಾರೂ ಬಂದೀವಲ್ರಿ ಮೇಡಂ. ಹೆಣ್ಮಕ್ಳ ಮೈಯಾಗ ಮೊದ್ಲೇ ರಕ್ತ ಕಮ್ಮಿ, ಅವರೇನು ಕೊಟ್ಟಾರು?"

ಅವನಲ್ಲಿ ಕೆಟ್ಟತನ ಇರಲಿಲ್ಲ. ನಮ್ಮ ಕಡೆ ರಕ್ತದಾನ ಎಂದರೆ ಗಂಡಸರ ಕೆಲಸ, ಹಾಗೆಂದು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ವರ್ಷಕ್ಕೆರಡು ಸಲ ಕೊಡುವವಳು ನಾನೇ ನಿನ್ನೆದುರು ನಿಂತಿದ್ದೇನೆ, ಅವಳನ್ನು ಕರೆಸು ಎಂದೆ. ನಮ್ಮ ಜೀಪು ಆಗಲೇ ಕುರುಗೋಡಿನ ದಾರಿ ಹಿಡಿದಿತ್ತು.

ಈರಮ್ಮ ಬಂದಳು. ಮೊಳಕೈಯಲ್ಲಿ ಇನ್ನೂ ಹಿಟ್ಟು ಒಣಗಿತ್ತು. ಸಣ್ಣ ಆಳು, ತೂಕ ಮಾತ್ರ ಸಾಕಷ್ಟಿತ್ತು. ಮೊದಲ ಪರೀಕ್ಷೆ ಹಿಮೋಗ್ಲೋಬಿನ್‌ದು. ನೀಲಿ ಮೈಲುತುತ್ತದ ನೀರಿಗೆ ಒಂದು ಹನಿ ರಕ್ತ ಬಿಡುತ್ತೇವೆ. ಮುಳುಗಿದರೆ ರಕ್ತ ಗಟ್ಟಿ, ಕೊಡಬಹುದು, ತೇಲಿದರೆ ಮನೆಗೆ. ಬೆಳಿಗ್ಗೆ ಅವರ ಗುಂಪಿನ ಪೈಲ್ವಾನನೊಬ್ಬನ ಹನಿ ತೇಲಿ ಎಲ್ಲರೂ ಅವನನ್ನು ಕಾಡಿಸಿದ್ದರು. ಈಗ ಗಂಡಸರೆಲ್ಲ ಬಾಗಿಲಲ್ಲಿ ಕತ್ತು ಚಾಚಿ ನಿಂತರು. ಈರಮ್ಮನ ಹನಿ ಒಂದು ಕ್ಷಣ ಮೇಲೆ ನಿಂತಂತೆ ಮಾಡಿ, ಸೀದಾ ತಳಕ್ಕೆ ಹೋಯಿತು.

ಆಮೇಲೆ ಆಂಟಿ-ಎಚ್ ಹನಿ. ಗಾಜಿನ ಮೇಲೆ ಬೆರೆಸಿ, ಅತ್ತಿತ್ತ ಆಡಿಸುತ್ತ ಕಾದೆ. ಗಂಟಿಲ್ಲ. ಇನ್ನಷ್ಟು ಕಾದೆ. ಗಂಟಿಲ್ಲ. ನಾಗಮ್ಮನ ತಿಳಿಯ ಜೊತೆ ಬೆರೆಸಿದರೆ ರೇಷ್ಮೆಯ ಹಾಗೆ ಹರಡಿಕೊಂಡಿತು. ನನಗೆ ಅಳು ಬಂತು, ಸಂಕೋಚಪಡದೆ ಅತ್ತೆ.

ಚೀಲ ತುಂಬುವಾಗ ವಿಷಯ ವಿವರಿಸಿದೆ. ಈರಮ್ಮ ಛಾವಣಿ ನೋಡುತ್ತ ಯೋಚಿಸಿದಳು.

"ನನ್ನ ರಕ್ತ ಅಕ್ಕಗ ಆಗತೈತಿ ಅಂದ್ರ, ಅಕ್ಕಂದು ನನಗ ಆಗತೈತಲ್ರಿ?"

ಅವಳದೇ ಆಗುತ್ತದೆ, ಈ ಸೀಮೆಯಲ್ಲಿ ನನಗೆ ಗೊತ್ತಿದ್ದಂತೆ ಬೇರೆ ಯಾರದೂ ಆಗುವುದಿಲ್ಲ ಎಂದೆ. ಹಂಗಾದ್ರ ಅಕಿ ಉಳೀಲೇಬೇಕು ಎಂದು ನಕ್ಕಳು. ಕಡ್ಡಾಯ ಸೋಂಕು ಪರೀಕ್ಷೆಗಳು ಮುಗಿಯುವವರೆಗೂ ಬೆಂಚಿನಿಂದ ಏಳಲಿಲ್ಲ. ಐಸ್ ಪೆಟ್ಟಿಗೆಯಲ್ಲಿ ಆ ಒಂದೇ ಚೀಲ ಇಟ್ಟು, ಮಂಜುಗಡ್ಡೆ ನೇರ ತಾಗಿದರೆ ಕಣಗಳು ಒಡೆಯುತ್ತವೆಂದು ನಡುವೆ ರಟ್ಟು ಕೊಟ್ಟು ಕಳಿಸಿದೆ. ಹಳ್ಳದ ಬಳಿ ದೋಣಿ ಕಾದಿತ್ತು. ಸಂಜೆ ಇಳಿಯುವ ಮುಂಚೆ ರಕ್ತ ನಾಗಮ್ಮನ ಮೈಗೆ ಹರಿಯತೊಡಗಿತು. ಚೀಲ ಖಾಲಿಯಾಗುವಷ್ಟರಲ್ಲಿ ನಾಡಿ ತಹಬಂದಿಗೆ ಬಂತು, ಸ್ರಾವವೂ ನಿಂತಿತು. ಹೇಗೂ ಬಂದಿದ್ದೇವೆಂದು ಟ್ರ್ಯಾಕ್ಟರಿನ ಗಂಡಸರಲ್ಲಿ ಹನಿ ಮುಳುಗಿದವರು ಬೇರೆಯವರಿಗಾಗಿ ರಕ್ತ ಕೊಟ್ಟು ಹೋದರು.

ಅಂದಿನಿಂದ ನಾನು ದಾನಿಗಳನ್ನು ಕರೆಯುವಾಗ ಎಲ್ಲರೂ ಬನ್ನಿ ಎಂದು ಹೇಳುವುದನ್ನು ಬಿಟ್ಟೆ. ಎಲ್ಲರೂ ಎಂಬ ಮಾತಿನೊಳಗೆ ಯಾರು ಇಲ್ಲವೋ ಅವರನ್ನೇ ಮೊದಲು ಕೇಳಬೇಕು ಎಂಬುದು ಕೆಲಸ ಕಲಿಸಿದ ಪಾಠ. ಮನೆಯಲ್ಲಿ ಒಲೆಯ ಮುಂದೆ ಯಾರಿದ್ದಾರೆ ಎಂದು ಈಗ ಕೇಳುತ್ತೇನೆ.

ನಿವೃತ್ತಿಗೆ ಕೆಲವೇ ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಎರಡು ವರ್ಷದ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಅವಳ ರಕ್ತ ಮಾತ್ರ ನೋಡಿದ್ದೆ, ಮುಖ ನೋಡಿರಲಿಲ್ಲ. ಅವಳೇ ಹೇಳಿದಳು, ತಾನು ನಾಗಮ್ಮ, ಈರಮ್ಮನನ್ನು ಹೆರಿಗೆಗೆ ಬಳ್ಳಾರಿಯಲ್ಲೇ ಸೇರಿಸಿದ್ದಾರೆ ಎಂದು. ಯಾರಾದರೂ ರಕ್ತ ಕೇಳಿದರಾ ಎಂದೆ. ಇನ್ನೂ ಇಲ್ಲ ಎಂದಳು. ಕೂಸನ್ನು ಬೆಂಚಿನ ಮೇಲೆ ಕೂರಿಸಿ, ಕುಪ್ಪಸದ ತೋಳು ಮೇಲೆ ಸರಿಸಿದಳು.

"ಅವರು ಕೇಳೂತನಕ ಯಾಕ ಕಾಯ್ಬೇಕ್ರಿ? ಉಂಡು ಬಂದೀನಿ."