ಪರದೆಯಜ್ಜನನ್ನು ಕೊಂದವಳು ನಾನು, ಉಲ್ಲೇಖಮ್ಮನಲ್ಲ

ಪುಸ್ತಕ ಕಾಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪುಸ್ತಕದ ಜೊತೆಗೆ ಓದಲು ಬಂದವರ ಮಾನವನ್ನೂ ಕಾಯುವವರು ಬೆರಳೆಣಿಕೆಯಷ್ಟು. ನಮ್ಮ ಗ್ರಂಥಾಲಯದ ಆಕರ ವಿಭಾಗದಲ್ಲಿ ಮೂವತ್ತಮೂರು ವರ್ಷ ಕುಳಿತು, ಈ ತಿಂಗಳ ಕೊನೆಗೆ ಕುರ್ಚಿ ಬಿಟ್ಟೇಳುತ್ತಿರುವ ಉಲ್ಲೇಖಮ್ಮನವರು ಆ ಬೆರಳುಗಳಲ್ಲಿ ಹೆಬ್ಬೆರಳು. ಅದು ಅವರಿಗೆ ಹೆತ್ತವರಿಟ್ಟ ಹೆಸರಲ್ಲ. ಯಾರು ಏನು ಹೇಳಿದರೂ “ಉಲ್ಲೇಖ ಎಲ್ಲಿ? ಯಾವ ಪುಸ್ತಕ, ಯಾವ ಪುಟ?” ಎಂದು ಕೇಳಿ ಕೇಳಿ ಬಂದ ಹೆಸರು. ಹೊರಗೆ ಮಳೆ ಎಂದರೂ ನಂಬುವವರಲ್ಲ, ನೆನೆದ ಕೊಡೆ ತೋರಿಸಬೇಕು.

ನಾನು ಓದಿದ್ದು ನಾಲ್ಕನೇ ತರಗತಿ, ಅದೂ ಅರ್ಧ. ನಮ್ಮವರೂ ನಾನೂ ದರ್ಜಿ ಅಂಗಡಿ ಇಟ್ಟಿದ್ದೆವು. ಅವರು ತೀರಿಕೊಂಡ ಮೇಲೆ ಮಧ್ಯಾಹ್ನಗಳು ರೈಲಿನಷ್ಟು ಉದ್ದವಾದವು. ಹತ್ತು ವರ್ಷದ ಹಿಂದೆ, ಫ್ಯಾನಿನ ಗಾಳಿಯ ಆಸೆಗೆ ಗ್ರಂಥಾಲಯಕ್ಕೆ ಹೋಗಿ ಕುಳಿತವಳನ್ನು ಉಲ್ಲೇಖಮ್ಮ ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಎಲ್ಲರೂ ಸೇರಿ ಬರೆಯುವ ವಿಶ್ವಕೋಶವೊಂದು ಅಂತರ್ಜಾಲದಲ್ಲಿ ಇದೆಯಂತೆ, ಅದಕ್ಕೆ ಬರೆಯಲು ಪ್ರತಿ ಬುಧವಾರ ಮೂರು ಗಂಟೆಗೆ ಇವರು ಪಾಠ ಹೇಳುತ್ತಾರಂತೆ. ಯಾರು ಬೇಕಾದರೂ ತಿದ್ದಬಹುದು ಎಂದರು. ಮನೆಯ ಬಾಗಿಲನ್ನೇ ಮೂರು ಬೀಗ ಹಾಕಿ ಬರುವವಳು ನಾನು. ಲೋಕದ ಜ್ಞಾನಕ್ಕೆ ಒಂದು ಚಿಲಕವೂ ಇಲ್ಲವೇ?

ನಾನು ಮೊದಲು ಕೈ ಹಾಕಿದ್ದು ‘ಕಾಜಾ’ ಎಂಬ ಪುಟಕ್ಕೆ. ಅಂಗಿಗೆ ಗುಂಡಿ ಹಾಕುವ ತೂತು, ಆ ಕಾಜಾ. “ನಾನು ಕೈಯಲ್ಲೇ ಹತ್ತು ಲಕ್ಷ ಕಾಜಾ ಹೊಲಿದಿದ್ದೇನೆ, ಅನುಮಾನವಿದ್ದವರು ಮನೆಗೆ ಬಂದು ಕೇಳಿ, ಇಂತಿ ಆಶೀರ್ವಾದಗಳು” ಎಂದು ಸೇರಿಸಿದೆ. ನಾಲ್ಕು ನಿಮಿಷದಲ್ಲಿ ಮಾಯ! ಯಾವ ದೇಶದಲ್ಲಿ ಯಾವ ಮಹಾರಾಯ ನನ್ನ ಕಾಜಾವನ್ನೇ ಕಾಯುತ್ತಾ ಕುಳಿತಿದ್ದನೋ! ಮತ್ತೆ ಹಾಕಿದೆ, ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಉಲ್ಲೇಖಮ್ಮ ನನ್ನ ಮಣಿಕಟ್ಟು ಹಿಡಿದರು.

“ಅಕ್ಕಾ, ಸಾಕು. ಇನ್ನೊಂದ್ಸಲ ಹಾಕಿದ್ರೆ ನಿಮ್ಮನ್ನೇ ಹೊರಗೆ ಹಾಕ್ತಾರೆ.”

“ಯಾರು ಹಾಕೋರು? ಮುಖ ತೋರ್ಸಿ, ನಾನೇ ಮಾತಾಡ್ತೀನಿ.”

“ಮುಖ ನಾನೂ ನೋಡಿಲ್ಲ. ‘ನಾನು’ ಅಂತ ಬರೀಬೇಡಿ, ಪತ್ರದ ಥರ ಮುಗಿಸ್ಬೇಡಿ. ನಿಮಗೆ ಗೊತ್ತಿರೋದು ಸುಳ್ಳು ಅಂತಲ್ಲ. ಅಚ್ಚಾಗಿರೋ ಕಡೆ ತೋರಿಸ್ಬೇಕು, ಅಷ್ಟೇ.”

ಮರುವಾರ ಅವರು ಮೇಲಿನ ಕಪಾಟಿನಿಂದ ಹಳೆಯದೊಂದು ಹೊಲಿಗೆ ಪುಸ್ತಕ ಹುಡುಕಿ ತಂದಿದ್ದರು. ಏಣಿ ಹತ್ತಿದ್ದಕ್ಕೆ ಮೊಣಕೈ ತರಚಿತ್ತು. ಹತ್ತು ಲಕ್ಷ ಕಾಜಾ ಸೇರಿ ಒಂದೇ ಒಂದು ಸಾಲಾಯಿತು. ಆ ಸಾಲನ್ನು ಮಾತ್ರ ಇವತ್ತಿನವರೆಗೆ ಯಾರೂ ಅಳಿಸಿಲ್ಲ.

ನನ್ನೊಬ್ಬಳನ್ನೇ ಸಹಿಸಿದರು ಎಂದುಕೊಳ್ಳಬೇಡಿ. ನಿವೃತ್ತ ಅಂಚೆಯವರೊಬ್ಬರು ‘ಮೀಸೆ’ ಎಂಬ ಪುಟಕ್ಕೆ ತಮ್ಮದೇ ಫೋಟೋ ಹಾಕಿ, ಕೆಳಗೆ ‘ಉತ್ತಮ ಮೀಸೆ’ ಎಂದು ಬರೆದರು. ನಾವು ಬಿದ್ದು ಬಿದ್ದು ನಕ್ಕೆವು. ಉಲ್ಲೇಖಮ್ಮ ನಗಲಿಲ್ಲ. “ಸರ್, ಮೀಸೆ ಇರ್ಲಿ. ‘ಉತ್ತಮ’ ಅಂತ ಯಾರು ಹೇಳಿದ್ದು?” ಎಂದರು. “ನನ್ನ ಹೆಂಡತಿ” ಎಂದರು ಅವರು. “ಅವರು ಎಲ್ಲಾದ್ರೂ ಅಚ್ಚು ಹಾಕ್ಸಿದ್ದಾರಾ?” ಅಂದಿನಿಂದ ಅವರು ನಮಗೆಲ್ಲ ಮೀಸೆ ಮಾವ, ಮತ್ತು ಒಂದು ಬುಧವಾರವೂ ತಪ್ಪಿಸಿದವರಲ್ಲ.

ಇನ್ನು ನನ್ನ ಮಹಾಪರಾಧ. ಒಂಬತ್ತು ವರ್ಷದ ಹಿಂದಿನದು.

ನಾಟಕದ ಪರದೆಗಳಿಗೆ ಅರಮನೆ, ಕಾಡು, ಬೀದಿ ಬರೆಯುವ ಕಲಾವಿದರೊಬ್ಬರಿದ್ದರು, ನಮ್ಮ ಬಾಯಲ್ಲಿ ಪರದೆಯಜ್ಜ. ಅವರ ಪರದೆಗೆ ಬಟ್ಟೆ ಜೋಡಿಸಿ ಹೊಲಿದುಕೊಡುತ್ತಿದ್ದದ್ದು ನಮ್ಮ ಅಂಗಡಿಯೇ. ವಿಶ್ವಕೋಶದಲ್ಲಿ ಅವರಿಗೊಂದು ಪುಟವಿತ್ತು. ಆ ಬುಧವಾರ ದಾರಿಯಲ್ಲಿ ಹಾಲಿನಂಗಡಿಯವನು ಹೇಳಿದ:

“ಗೊತ್ತಾಯ್ತಾ ಅಜ್ಜಿ? ಪರದೆಯಜ್ಜ ಹೋಗ್ಬಿಟ್ರು.”

“ಅಯ್ಯೋ! ಯಾವಾಗ?”

“ಬೆಳಿಗ್ಗೆ ಆರಕ್ಕೆ. ಪಾಪ, ಯಾರಿಗೂ ಹೇಳ್ಲೇ ಇಲ್ಲ.”

ಅತ್ತುಕೊಂಡೇ ಗ್ರಂಥಾಲಯ ಸೇರಿದೆ. ನನ್ನ ಪಾಸ್‌ವರ್ಡು ಎಂದಿನಂತೆ ಮರೆತುಹೋಗಿತ್ತು. ಉಲ್ಲೇಖಮ್ಮ ತಮ್ಮ ಖಾತೆಯನ್ನು ತೆರೆದಿಟ್ಟು ಯಾರಿಗೋ ಪುಸ್ತಕ ತರಲು ಒಳಗೆ ಹೋಗಿದ್ದರು. ಅದರಲ್ಲೇ ಕುಳಿತೆ. ಪರದೆಯಜ್ಜ ತೀರಿಕೊಂಡರು ಎಂದು ತಾರೀಖು ಸಮೇತ ಬರೆದೆ. ‘ಇದ್ದಾರೆ’ ಎಂಬುದನ್ನೆಲ್ಲ ‘ಇದ್ದರು’ ಮಾಡಿದೆ, ‘ಬಿಡಿಸುತ್ತಾರೆ’ ಎಂಬುದನ್ನು ‘ಬಿಡಿಸುತ್ತಿದ್ದರು’ ಮಾಡಿದೆ. ಹನ್ನೊಂದು ಕಡೆ ತಿದ್ದಿ, ಸತ್ತವರಿಗೆ ಇಷ್ಟಾದರೂ ಸೇವೆ ಮಾಡಿದೆನಲ್ಲ ಎಂದು ಮೂಗೊರೆಸಿಕೊಂಡು ಮನೆಗೆ ಹೋದೆ.

ಅಜ್ಜ ಹೋಗಿದ್ದದ್ದು ಮಗಳ ಮನೆಗೆ. ಬೆಳಗಿನ ಆರರ ಬಸ್ಸಿಗೆ.

ನಲವತ್ತು ನಿಮಿಷ ಅವರು ಸತ್ತಿದ್ದರು. ಅಷ್ಟರಲ್ಲಿ ಒಂದು ನಾಟಕ ಕಂಪನಿ ತಾಲೀಮು ನಿಲ್ಲಿಸಿ ಎದ್ದು ನಿಂತು ಮೌನ ಆಚರಿಸಿತ್ತು. ಮಗಳು ಕೆಲಸ ಮುಗಿಸಿ ಮನೆ ಬಾಗಿಲಿಗೆ ಬರುವಾಗ ಫೋನಿನ ಮೇಲೆ ಫೋನು, ಎಲ್ಲರೂ ಸಮಾಧಾನ ಹೇಳುವವರೇ. ಅಪ್ಪ ಸ್ನಾನದ ಮನೆಯಲ್ಲಿ. ಎಷ್ಟು ಬಡಿದರೂ ಉತ್ತರವಿಲ್ಲ, ನೀರಿನ ಸದ್ದು ಮಾತ್ರ. ಪಕ್ಕದ ಮನೆಯವರು ಬಂದು ಬಾಗಿಲು ಒಡೆದರೆ ಅಜ್ಜ ಕಣ್ಣಿನ ತುಂಬ ಸೋಪು ಮೆತ್ತಿಕೊಂಡು, “ಏನೇ ಇದು, ನೆಮ್ಮದಿಯಾಗಿ ಮೈ ತೊಳ್ಕೊಳ್ಳೋಕೂ ಬಿಡಲ್ವಾ?” ಎಂದರಂತೆ. ಕೇಳುವವರಿಗೆ ಇದು ನಗು. ಬಾಗಿಲಾಚೆ ನಿಂತ ಆ ಮಗಳ ಎರಡು ನಿಮಿಷ ನೆನೆದರೆ ನನಗೆ ಈಗಲೂ ನಗು ಬರುವುದಿಲ್ಲ.

ಸಂಜೆ ಉಲ್ಲೇಖಮ್ಮ ನಮ್ಮ ಮನೆಗೇ ಬಂದರು. “ಅಕ್ಕಾ, ಅಜ್ಜ ಚೆನ್ನಾಗಿದ್ದಾರೆ. ಪುಟ ಸರಿ ಮಾಡ್ದೆ. ‘ಹೋದ್ರು’ ಅಂದ್ರೆ ಎಲ್ಲಿಗೆ ಅಂತ ಕೇಳ್ಬೇಕು” ಎಂದರು. ಒಂದು ಗಟ್ಟಿ ಮಾತಿಲ್ಲ. ಮರುದಿನ ನಾನು ಕಣ್ಣಿನ ಆಪರೇಷನ್ನಿಗೆ ತಂಗಿಯ ಊರಿಗೆ ಹೋದೆ. ತಿಂಗಳು ಬಿಟ್ಟು ಬಂದು ನೋಡಿದರೆ ಇವರು ಕೆಳಗಿನ ಕೋಣೆಯಲ್ಲಿ, ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದರು. “ಇಲ್ಲಿ ತಂಪು ಅಂತ ನಾನೇ ಕೇಳ್ಕೊಂಡು ಬಂದೆ” ಎಂದರು. ನಾನು ನಂಬಿದೆ. ಅವರ ಮಾತಿಗೆ ಉಲ್ಲೇಖ ಕೇಳುವ ಬುದ್ಧಿ ನನಗೆಲ್ಲಿಂದ ಬರಬೇಕು?

ಹೋದ ತಿಂಗಳು ಗ್ರಂಥಾಲಯದ ಕಡತ ನೋಡಿಕೊಳ್ಳುವ ಹೆಂಗಸು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದಿದ್ದಳು. ನಿವೃತ್ತಿಯಾದ ಮೇಲೂ ಬುಧವಾರದ ಪಾಠ ನಡೆಸಿಕೊಡುತ್ತೇನೆಂದು ಉಲ್ಲೇಖಮ್ಮ ಅರ್ಜಿ ಕೊಟ್ಟಿದ್ದಾರೆ, ಅದು ಮುಂದೆ ಹೋಗುತ್ತಿಲ್ಲ ಎಂದಳು.

“ಯಾಕೆ?”

“ಕಡತದಲ್ಲಿ ಒಂದು ಸಾಲಿದೆ ಅಜ್ಜಿ. ‘ಅಜಾಗರೂಕತೆಯಿಂದ ಜೀವಂತ ವ್ಯಕ್ತಿಯ ಮರಣವನ್ನು ಪ್ರಕಟಿಸಿದ್ದಾರೆ’ ಅಂತ. ಪರದೆಯಜ್ಜನ ಮಗಳು ದೂರು ಕೊಟ್ಟಿದ್ರು. ಖಾತೆ ಇವರದ್ದೇ. ಕೇಳಿದ್ದಕ್ಕೆ ‘ತಪ್ಪು ನನ್ನದು’ ಅಂದ್ರಂತೆ. ಆಗ ಒಂದು ವರ್ಷ ಗೋಂದು ಹಚ್ಚೋಕೆ ಕೆಳಗಿನ ಕೋಣೆಗೆ ಹಾಕಿದ್ದೂ, ವಿಭಾಗದ ಮುಖ್ಯಸ್ಥೆ ಆಗೋದು ಎರಡು ಸಲ ತಪ್ಪಿದ್ದೂ ಅದಕ್ಕೇ.”

ಕತ್ತರಿಯನ್ನು ಕೋಟಿನ ಮೇಲೇ ಇಟ್ಟು ಎದ್ದೆ. ಒಂಬತ್ತು ವರ್ಷ ವಾರವಾರವೂ ಎದುರಿಗೆ ಕುಳಿತು, ನನ್ನ ಜೋಕಿಗೆ ನಕ್ಕು, ಪಾಸ್‌ವರ್ಡು ನೆನಪಿಸಿದ ಹೆಂಗಸು! ನೇರ ಅವರ ಮೇಜಿಗೆ ಹೋದೆ.

“ನನ್ನ ಹೆಸರು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ ಅಕ್ಕಾ. ತಪ್ಪು ಮಾಡಿದ ಹೊಸಬರು ಮುಂದಿನ ವಾರ ಬರೋದೇ ಕಷ್ಟ.”

“ನನ್ನಂಥ ನಾಚಿಕೆಗೆಟ್ಟವಳು ಬರದೇ ಇರ್ತಿದ್ನಾ?”

“ಆಗ ನನಗೆ ಅದು ಗೊತ್ತಿರ್ಲಿಲ್ಲ” ಎಂದು ನಕ್ಕರು.

ಕಡತದ ಹೆಂಗಸಿನ ಬಳಿ ಓಡಿದೆ. ಆ ಸಾಲನ್ನು ಹೊಡೆದುಹಾಕು ತಾಯಿ ಎಂದೆ. ಕಡತದಲ್ಲಿ ಬರೆದದ್ದನ್ನು ಯಾರೂ ತಿದ್ದುವಂತಿಲ್ಲವಂತೆ. ನೋಡಿ, ಇದಕ್ಕಿಂತ ದೊಡ್ಡ ಆಘಾತ ನನ್ನ ಎಪ್ಪತ್ತಾರು ವರ್ಷದಲ್ಲಿ ಆಗಿಲ್ಲ. ಚಿಲಕವಿಲ್ಲದ ಆ ವಿಶ್ವಕೋಶದಲ್ಲಿ ಸತ್ತವನು ನಲವತ್ತು ನಿಮಿಷಕ್ಕೆ ಎದ್ದು ಕುಳಿತ. ಬೀಗ ಹಾಕಿದ ಕಪಾಟಿನಲ್ಲಿ ಒಂದು ಸುಳ್ಳು ಒಂಬತ್ತು ವರ್ಷದಿಂದ ಗುಂಡುಕಲ್ಲಿನ ಹಾಗೆ ಕುಳಿತಿದೆ. ತಿದ್ದುವಂತಿಲ್ಲ, ಆದರೆ ಅಚ್ಚಾದದ್ದೇನಾದರೂ ಇದ್ದರೆ ಜೊತೆಗೆ ಲಗತ್ತಿಸಬಹುದು ಎಂದು ಅವಳೇ ದಾರಿ ತೋರಿಸಿದಳು. ಅವರ ನಿವೃತ್ತಿಗೆಂದು ಅಚ್ಚಾಗುತ್ತಿರುವ ಈ ಅಭಿನಂದನ ಸಂಪುಟಕ್ಕೆ ಬರೆಯುತ್ತೇನೆಂದು ಸಮಿತಿಯವರನ್ನು ಕಾಡಿ ಬೇಡಿ ಜಾಗ ಪಡೆದದ್ದು ಆ ಕಾರಣಕ್ಕೆ.

ಉಲ್ಲೇಖಮ್ಮನವರೇ, ನಿಮಗೆ ಮೊಣಕಾಲು ನೋಯದ ನೂರು ವರ್ಷ ಸಿಗಲಿ. ಏಣಿ ಹತ್ತುವುದನ್ನು ಬಿಡಿ, ಬುಧವಾರವನ್ನು ಬಿಡಬೇಡಿ. ಇನ್ನೂ ಎಷ್ಟೋ ಹೊಸಬರು ಬಂದು ಎಷ್ಟೋ ತಪ್ಪು ಮಾಡಬೇಕಾಗಿದೆ, ಅವರಿಗೆ ನೀವೇ ಬೇಕು. ಇನ್ನು ಗ್ರಂಥಾಲಯದ ಆಡಳಿತದವರಲ್ಲಿ ನನ್ನದೊಂದು ಬಿನ್ನಹ: ಈ ಹಾಳೆಗಳನ್ನು ಕತ್ತರಿಸಿ ಆ ಕಡತಕ್ಕೆ ಸೇರಿಸಿ, ಅರ್ಜಿಯನ್ನು ಮುಂದಕ್ಕೆ ಕಳಿಸಿ. ಪುಸ್ತಕ ಹರಿದದ್ದು ಯಾರೆಂದು ವಿಚಾರಣೆ ಬಂದರೆ ನನ್ನನ್ನು ಕರೆಸಿ. ಈ ಸಲ ನಾನು ಊರಲ್ಲೇ ಇರುತ್ತೇನೆ.