ಮಾಮೆ ಅರಬಾರ ನಾಲ್ಕನೇ ಮುಖ

ಬೆಳಗಿನ ಐದೂವರೆ. ಘಾನಾ ಕರಾವಳಿಯ ಮಂಕೆಸಿಮ್ ಊರಾಚೆ, ಮೀನು ಹೊಗೆಗಿಟ್ಟು ಒಣಗಿಸುವ ಅಂಗಳದಲ್ಲಿ ಕೋಬಿನಾ ಬೈನಿ ಗಾರೆ ಕಲಸುತ್ತಿದ್ದಾರೆ. ಎದುರಿಗೆ ಆಳೆತ್ತರದ ಹೆಂಗಸಿನ ಮೂರ್ತಿ. ಕಂಬಿ ಕಟ್ಟಿ ಸಿಮೆಂಟು ಮೆತ್ತಿದ ಮೈ ಮುಗಿದಿದೆ, ಸೊಂಟಕ್ಕೆ ಸುತ್ತಿದ ಬಟ್ಟೆಯ ನೆರಿಗೆಗಳೂ ಮುಗಿದಿವೆ. ಮುಖ ಮಾತ್ರ ಇಲ್ಲ. ಮೂರು ಸಲ ಮಾಡಿ, ಮೂರು ಸಲವೂ ಉಳಿ ಹಿಡಿದು ಕೆತ್ತಿ ತೆಗೆದದ್ದಾಯಿತು.

ತೆಗೆಸಿದವರು ಪಕ್ಕದಲ್ಲೇ ಮುಕ್ಕಾಲಿ ಹಾಕಿಕೊಂಡು ಕೂತಿದ್ದಾರೆ. ಎಪ್ಪತ್ತೊಂದರ ಮಾಮೆ ಅರಬಾ, ಅಂದರೆ ಅರಬಾ ಅಮ್ಮ, ಈ ಅಂಗಳದ ಒಡತಿ. ತಮ್ಮ ಗೋರಿಯ ಮೇಲೆ ನಿಲ್ಲಬೇಕಾದ ಮೂರ್ತಿಯನ್ನು ಬದುಕಿರುವಾಗಲೇ ಮಾಡಿಸಿಕೊಳ್ಳುತ್ತಿದ್ದಾರೆ. ಮಕ್ಕಳಿಗೆ ಬಿಟ್ಟರೆ ಕೆಡಿಸಿಬಿಡುತ್ತಾರಂತೆ.

“ಮೊದಲ್ನೇದು ಸಪ್ಪೆ. ಎರಡನೇದು ಇನ್ನೂ ಸಪ್ಪೆ. ಮೂರನೇದು ಥೇಟ್ ನಮ್ಮ ನಾದಿನಿ! ಅವಳನ್ನ ತಂದು ನನ್ನ ಗೋರಿ ಮೇಲೆ ನಿಲ್ಲಿಸ್ತೀಯೇನೋ?”

ಕೋಬಿನಾ ಹಣೆ ಚಚ್ಚಿಕೊಳ್ಳುತ್ತಾರೆ. “ನಲವತ್ತೊಂದು ಗೋರಿಗೆ ಮೂರ್ತಿ ಮಾಡಿದೀನಿ. ಒಂದು ಹೆಣನೂ ತಕರಾರು ಮಾಡಿಲ್ಲ!”

ಇಪ್ಪತ್ತಾರು ವರ್ಷದ ಕಸುಬು. ಮನೆಯವರು ಒಂದು ಮಾಸಿದ ಫೋಟೊ ಕೊಡುತ್ತಾರೆ, ಗಾರೆ ಬಿಗಿಯುವ ಮೊದಲು ಎರಡು ಗಂಟೆ ಸಿಗುತ್ತದೆ. ಅಷ್ಟರಲ್ಲಿ ಕಣ್ಣು, ಮೂಗು, ತುಟಿ ಎಲ್ಲ ಆಗಬೇಕು. ಸಿಮೆಂಟು ಬೆರಳನ್ನು ತಿಂದುಹಾಕಿದೆ. ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡುವುದಿಲ್ಲ. ಇಷ್ಟಾದರೂ ಪಕ್ಕದೂರಿನಲ್ಲಿ ಕೋಬಿನಾ ಯಾರೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮಾಡಿದ ಯಾವ ಮೂರ್ತಿಯ ಮೇಲೂ ಅವರ ಹೆಸರಿಲ್ಲ. ಬದುಕಿರುವವರ ಹೆಸರನ್ನು ಸ್ಮಶಾನದಲ್ಲಿ ಬರೆಯಬಾರದು, ಬರೆದರೆ ಸಾವನ್ನು ಕೂಗಿ ಕರೆದಂತೆ. ಆದರೆ ಈ ಮೂರ್ತಿ ಅರಬಾ ಇರುವಷ್ಟು ದಿನ ಅಂಗಳದಲ್ಲೇ ನಿಲ್ಲುತ್ತದೆ. ಮುಖ ಒಪ್ಪಿಗೆಯಾದರೆ ಪೀಠದ ಮೇಲೆ ನಿನ್ನ ಹೆಸರು ಕೆತ್ತಿಕೋ ಎಂದಿದ್ದಾರೆ ಅವರು. ಆ ಒಂದು ಆಸೆಗೆ ಕೋಬಿನಾ ಇದನ್ನೆಲ್ಲ ಸಹಿಸಿಕೊಂಡಿದ್ದಾರೆ.

ನಾಲ್ಕನೇ ಮುಖ ಮೂಡುತ್ತಿದೆ.

“ಗಲ್ಲ ಜಾಸ್ತಿ ಆಯ್ತು. ಅದೇನೋ ಅದು, ಮೂಗೋ ಜೋಳದ ಹಿಟ್ಟಿನ ಕೆಂಕಿ ಉಂಡೆನೋ? ಬೇಗ ಆಗ್ಲಿ, ಅಲ್ಲಿ ನನ್ನ ಮೀನು ಸೀದು ಹೋಗ್ತಿದೆ!”

ಕೋಬಿನಾರಿಗೆ ರೇಗಿಹೋಗುತ್ತದೆ. “ಅಯ್ಯೋ ಮಾಮೆ, ಒಂದು ಗಳಿಗೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ! ಇಲ್ದಿದ್ರೆ ತಲೆ ಇಲ್ದೇ ನಿಂತಿರಿ!”

ಅರಬಾ ಬಾಯಿ ಮುಚ್ಚುತ್ತಾರೆ. ಹುಬ್ಬು ಗಂಟಿಕ್ಕಿ, ಕೆಳದುಟಿ ಮುಂದೆ ಚಾಚಿ ದುರುಗುಟ್ಟಿ ನೋಡುತ್ತಾರೆ. ಕರಣೆ ಹಿಡಿದ ಕೋಬಿನಾರ ಕೈ ಅಲ್ಲೇ ನಿಲ್ಲುತ್ತದೆ. ಇಷ್ಟು ವರ್ಷ ಕೋಬಿನಾ ಮಾಡಿದ್ದೆಲ್ಲ ಶಾಂತವಾದ, ಕಣ್ಣು ತಗ್ಗಿಸಿದ ಮುಖಗಳು. ಈ ಜೀವಂತ ಹೆಂಗಸಿಗೂ ಮೂರು ಸಲ ಸತ್ತವರ ಮುಖವನ್ನೇ ಅಂಟಿಸಿದ್ದರು! ಥೂ, ಎಂದು ತಮ್ಮನ್ನೇ ಬೈದುಕೊಂಡು, ಹುಬ್ಬು ಒತ್ತಿ, ತುಟಿಯನ್ನು ಮುಂದಕ್ಕೆ ಎಳೆಯುತ್ತಾರೆ.

ಅರಬಾ ಎದ್ದು ಬಂದು ಮೂರ್ತಿಗೆ ಒಂದು ಸುತ್ತು ಹಾಕುತ್ತಾರೆ. “ಇವಳ ಹತ್ರ ಯಾರೂ ಚೌಕಾಸಿ ಮಾಡಲ್ಲ. ಬರ್ಕೋ ಹೋಗು ನಿನ್ನ ಹೆಸರು.”

ಪೀಠದ ಮೇಲೆ ಈಗ ಕೋಬಿನಾ ಬೈನಿ ಎಂದಿದೆ. ಮಾಮೆ ಅರಬಾ ತೀರಿಕೊಂಡು ಮೂರ್ತಿ ಸ್ಮಶಾನಕ್ಕೆ ಹೊರಡುವ ದಿನ, ಆ ಹೆಸರನ್ನು ಕೋಬಿನಾ ತಮ್ಮ ಕೈಯಾರೆ ಅಳಿಸಬೇಕು.

“ಅದಕ್ಕೇ ಹೇಳೋದು,” ಎನ್ನುತ್ತಾರೆ ಕೈ ತೊಳೆಯುತ್ತ, “ಆಯಮ್ಮ ನನ್ನ ಪ್ರಾಣ ತಿಂದ್ಕೊಂಡು ಇನ್ನೂ ಇಪ್ಪತ್ತು ವರ್ಷ ಇರ್ಲಿ.”