ಕುದ್ರುವಿಗೆ ಹೋಗದ ಮಾತು

ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಹೆಡ್ ಮಾಸ್ತರರು ಮಾಸ್ತರರನ್ನೆಲ್ಲ ಕೂರಿಸಿಕೊಂಡು ಒಂದೇ ವಿಷಯ ಕೇಳುತ್ತಿದ್ದರು. ಶಾಲೆಗೆ ಬಾರದ ಮಕ್ಕಳ ಮನೆಗೆ ಯಾರು ಹೋಗಿದ್ದಿರಿ, ಮನೆಯಲ್ಲಿ ಯಾರು ಸಿಕ್ಕಿದರು, ಅವರು ಏನಂದರು. ಅದನ್ನೆಲ್ಲ ಬರೆದಿಡುವುದಕ್ಕೆ ಒಂದು ಪುಸ್ತಕವಿತ್ತು. ಎಲ್ಲರಿಗಿಂತ ಕಿರಿಯನಾದ್ದರಿಂದ ಅದು ನನ್ನ ಪಾಲಿಗೆ ಬಂದಿತ್ತು.

"ನಾನ್ ಹೋಯಿದ್ದೆ ಸಾರ್," ಎಂದರು ಒಮ್ಮೆ ಲೆಕ್ಕದ ಮಾಸ್ತರರು. "ಮನೇಲಿ ನಾಯಿ ಒಂದೇ ಇದ್ದದ್ದ್. ಅದೆಂತ ಹೇಳ್ತ್ ಅಂದೇಳಿ ಬರಿಯೂದಾ?"

"ಕಚ್ಚಿರೆ ಮಾತ್ರ ಬರಿ," ಎಂದರು ಹೆಡ್ ಮಾಸ್ತರರು, ನಗದೆ.

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಕುಂದಾಪುರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ ಬಾರ್ಕೂರಿನ ಕಡೆಯ ಆ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಟ್ರೈನಿಂಗ್ ಆಗಿರಲಿಲ್ಲ. ಟ್ರೈನಿಂಗ್ ಆದವನೊಬ್ಬ ಬಂದರೆ ನಾನು ಎದ್ದು ಹೋಗಬೇಕಾದವನು. ಈ ಭಯ ಸದಾ ಇರುತ್ತಿತ್ತು. ಅದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಎಂಟನೆಯ ತರಗತಿಯಲ್ಲಿ ಕುದ್ರುವಿನಿಂದ ಬರುವ ಒಬ್ಬಳು ಹುಡುಗಿ ಇದ್ದಳು. ಹೊಳೆಯ ನಡುವಿನ ಆ ನಡುಗಡ್ಡೆಯಿಂದ ದೋಣಿಯಲ್ಲಿ ದಾಟಿ, ಗದ್ದೆಯಂಚಿನಲ್ಲಿ ನಡೆದು ಬರಬೇಕು. ತರಗತಿಯಲ್ಲಿ ಅವಳೇ ಮುಂದು. ಎಂಟನೆಯ ಸರಕಾರಿ ಪರೀಕ್ಷೆ ಪಾಸಾದರೆ ಮಂಗಳೂರಿನ ಟ್ರೈನಿಂಗ್ ಶಾಲೆಗೆ ಬರೆದು ಸೇರಿಸುತ್ತೇನೆ ಎಂದು ಹೆಡ್ ಮಾಸ್ತರರು ಅವಳಿಗೆ ಮಾತು ಕೊಟ್ಟಿದ್ದರು. ಪರೀಕ್ಷೆಗೆ ಕುಂದಾಪುರಕ್ಕೆ ಹೋಗಿ ಉಳಿಯಬೇಕು. ಮನೆಯ ಹಿರಿಯರು ಬಂದು ಒಪ್ಪದೆ ಹೆಣ್ಣುಮಕ್ಕಳ ಅರ್ಜಿ ಕಳಿಸುವುದಿಲ್ಲ ಎಂಬುದು ಅವರ ಕಟ್ಟಳೆ.

ಅರ್ಜಿ ಕಳಿಸುವ ಹೊತ್ತಿಗೆ ಹುಡುಗಿಗೆ ಚಳಿಜ್ವರ ಬಂತು. ಶಾಲೆಗೆ ಬರುವುದು ನಿಂತಿತು. "ಕುದ್ರಿಗೆ ಹೋಯಿ ಯಜಮಾನ್ರಿಗೆ ಹೇಳಿ ಬನ್ನಿ," ಎಂದು ಹೆಡ್ ಮಾಸ್ತರರು ನನ್ನನ್ನು ಕಳಿಸಿದರು.

ಅವರದು ಅಳಿಯಕಟ್ಟಿನ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನ ಸೋದರಮಾವ. ಹುಡುಗಿಯ ಅಪ್ಪ ಬ್ರಹ್ಮಾವರದ ಹತ್ತಿರ ತನ್ನ ತಾಯಿಯ ಮನೆಯಲ್ಲಿದ್ದ. ಭಾವನಾದ ಈ ಯಜಮಾನನಿಗೂ ಅವನಿಗೂ ಏನೋ ಮನಸ್ತಾಪವಾಗಿ ಕುದ್ರುವಿಗೆ ಹೋಗುವುದನ್ನೇ ಬಿಟ್ಟಿದ್ದ. ಶಾಲೆಯ ರಿಜಿಸ್ಟರಿನಲ್ಲಿ ಮಾತ್ರ ಅಪ್ಪನ ಹೆಸರಿಗೆ ಜಾಗವಿತ್ತು, ಮಾವನ ಹೆಸರಿಗೆ ಇರಲಿಲ್ಲ. ನಾನು ಮಕ್ಕಳಕಟ್ಟಿನವನು, ನಮ್ಮಲ್ಲಿ ಅಪ್ಪನಿಗೆ ಹೇಳಿದರೆ ಮುಗಿಯಿತು. ಹಾಗೆಂದು ಅವರ ರೀತಿ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮೂರಿನಲ್ಲಿ ಅದು ಗೊತ್ತಿಲ್ಲದವರು ಯಾರು?

ಆ ಸಂಜೆ ಹೊಳೆಯಲ್ಲಿ ಇಳಿತ, ನೀರು ಕಡಿಮೆಯಾಗಿತ್ತು. ದೋಣಿ ಆಚೆ ದಡದಲ್ಲಿತ್ತು, ಕೂಗಿದರೆ ಯಾರೂ ಬರಲಿಲ್ಲ. ಮರುದಿನ ಹೋದರಾಯಿತು ಎಂದುಕೊಂಡೆ. ಮರುದಿನ ಬ್ರಹ್ಮಾವರದಲ್ಲಿ ನನಗೆ ಬೇರೆ ಕೆಲಸವಿತ್ತು. ಅಲ್ಲಿ ಚಾದಂಗಡಿಯ ಮುಂದೆ, ಮುಖಪರಿಚಯವಿದ್ದ ಆ ಹುಡುಗಿಯ ಅಪ್ಪ ಕಂಡ.

"ಹ್ವಾಯ್, ನಿಮ್ಮ್ ಮಗಳ್ ಪರೀಕ್ಷೆ ವಿಷಯ," ಎಂದು ಹೇಳಿದೆ. ಯಾವಾಗ ಬರಬೇಕು ಎಂಬುದನ್ನೂ ಹೇಳಿದೆ.

"ನಾನ್ ಅಲ್ಲಿಗ್ ಹೋಪುದಿಲ್ಲ ಮಾಸ್ಟ್ರೇ."

"ಯಾರ್ ಹತ್ರಾರೂ ಹೇಳಿ ಕಳ್ಸಿ."

"ಕಾಂಬ," ಎಂದು ಅವನು ಬೇರೆ ಕಡೆ ನೋಡಿದ.

ನೋಡೋಣ ಎಂದವನು ಹೇಳಿ ಕಳಿಸುವುದಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿತ್ತು. ಆದರೂ ಶನಿವಾರ ಕೇಳಿದಾಗ, ಹೇಳಿ ಬಂದೆ ಸಾರ್ ಎಂದೆ. ಹಾಗೆಯೇ ಬರೆದೂ ಬರೆದೆ. ಮನೆಯವರು ಯಾರೂ ಬರಲಿಲ್ಲ. ಅವಳೊಬ್ಬಳನ್ನು ಬಿಟ್ಟು ಉಳಿದವರ ಅರ್ಜಿ ಹೋಯಿತು.

ಆಮೇಲೆ ಒಂದು ಬೆಳಿಗ್ಗೆ ಮಾವ, ಸೊಸೆ ಇಬ್ಬರೂ ಬಂದರು. ಹುಡುಗಿ ತೆಳ್ಳಗಾಗಿದ್ದಳು. ಎಣ್ಣೆ ಹಾಕಿ ತಲೆ ಬಾಚಿದ್ದಳು.

"ಜರ ಬಿಟ್ಟಿತ್ ಮಾಸ್ಟ್ರೇ. ಅರ್ಜಿ ಹಾಕೂಕ್ ಬಂದದ್ದ್," ಎಂದ ಮಾವ.

"ಅರ್ಜಿ ಹೋಯಿ ಆಯ್ತಲ್ಲ ಮರಾಯ್ರೆ. ಹೇಳಿ ಕಳ್ಸಿರೂ ನೀವ್ ಬರ್ಲಿಲ್ಲ," ಎಂದರು ಹೆಡ್ ಮಾಸ್ತರರು.

"ನಂಗಾ? ಯಾರ್ ಹೇಳಿದ್ದ್?"

ಹೆಡ್ ಮಾಸ್ತರರು ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಸಾರ್, ನಾನು ಕುದ್ರುವಿಗೆ ಹೋಗಲಿಲ್ಲ. ಅದು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. "ಇವ್ರಿಗೇ ಹೇಳಿದ್ದ್ ಸಾರ್. ಜಗ್ಲಿಯಲ್ ಕೂಕಂಡಿದ್ರ್."

ಮಾವ ನನ್ನನ್ನು ನೋಡುತ್ತ ನಿಂತ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ಅರ್ಥವಾಗದಂತಿತ್ತು. "ನಾನ್ ನಿಮ್ಮ್ ಮಕ ಕಾಂಬುದೇ ಇವತ್ತ್," ಎಂದ.

"ಹೋದ್ ವರ್ಷ ಇಲ್ಲೇ ನಿಂತ್ಕಂಡ್, ಹೆಣ್ಣಿಗೆ ಓದ್ ಸಾಕ್ ಅಂದದ್ ಯಾರ್?" ಎಂದು ಹೆಡ್ ಮಾಸ್ತರರು ಕೇಳಿದರು.

ಅದು ನಿಜವಾಗಿತ್ತು. ನಾನು ಶಾಲೆಗೆ ಸೇರುವ ಮೊದಲು ಅವನು ಹಾಗೆ ಹೇಳಿದ್ದನೆಂದು ಕೇಳಿದ್ದೆ. ಆಮೇಲೆ ಸೊಸೆಯ ಹಟಕ್ಕೆ ಸೋತು ಒಪ್ಪಿದ್ದ. ಅದೇ ನನಗೆ ಅನುಕೂಲವಾಯಿತು. ಹುಡುಗಿ ನನ್ನ ಕಡೆ ನೋಡಲೇ ಇಲ್ಲ, ಮಾವನ ಮುಖವನ್ನೇ ನೋಡಿದಳು. ಹೋಗುವಾಗ ಅವನು ಮುಂದೆ, ಅವಳು ಬಹಳ ಹಿಂದೆ.

ನಿದ್ದೆ ಕೆಟ್ಟಿತು. ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ, ಹೇಳಿಬಿಡಬೇಕೆಂದು ನಾನೇ ಕುದ್ರುವಿಗೆ ಹೋದೆ. ಆ ಜಗಲಿ ಹೇಗಿದೆಯೆಂದು ಅಂದೇ ಮೊದಲು ಕಂಡದ್ದು. ಮಾವ ಎದ್ದು ಚಾಪೆ ಹಾಸಿದ. ಬೆಲ್ಲ, ನೀರು ತರಿಸಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರುಮಾಡಿದ.

"ಹೆಣ್ಣ್ ನನ್ ಹತ್ರ ಮಾತ್ ಬಿಟ್ಟಿತ್ ಮಾಸ್ಟ್ರೇ. ನಾನೇ ಮುಚ್ಚಿಟ್ಟದ್ದ್ ಅಂತ್. ನೀವ್ ಅವತ್ ಬೇರೆ ಯಾರಿಗೋ ಹೇಳಿ, ನಾನ್ ಅಂದೇಳಿ ತಿಳ್ಕಂಡಿಪ್ಪುದ್. ಆತ್ತ್ ಹಾಂಗೆ, ತಪ್ಪಲ್ಲ. ಅಷ್ಟ್ ಇವ್ಳ ಹತ್ರ ಹೇಳಿ, ಸಾಕ್."

ನಾನು ತಪ್ಪಿಸಿಕೊಳ್ಳಲು ಒಂದು ದಾರಿಯನ್ನೂ ಅವನೇ ಮಾಡಿಕೊಟ್ಟಿದ್ದ. ಹುಡುಗಿ ಬಾಗಿಲ ಹತ್ತಿರ ಬಂದು ನಿಂತಳು.

"ಯಾರ್ ಹತ್ರ ಹೇಳಿದ್ರಿ ಮಾಸ್ಟ್ರೇ?" ಎಂದು ಕೇಳಿದಳು.

ಅಪ್ಪನ ಹೆಸರು ಹೇಳಿದರೆ ಎರಡು ಮನೆಗೆ ಜಗಳವಾಗುತ್ತದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದಲ್ಲ. ನಾಳೆ ಇದು ಶಾಲೆಗೆ ಮುಟ್ಟಿದರೆ ನನ್ನ ಕೆಲಸ ಹೋಗುತ್ತದೆ ಎಂದು ಹೆದರಿದೆ.

"ನಿನ್ ಮಾವನ ಹತ್ರವೇ, ಮಗಾ," ಎಂದೆ.

ಅವಳು ಒಳಗೆ ಹೋದಳು. ಆಮೇಲೆ ಮಾವ, ಇಳಿತ ಶುರುವಾಗುತ್ತದೆಂದು, ತಾನೇ ದೋಣಿ ಬಿಚ್ಚಿ ನನ್ನನ್ನು ದಾಟಿಸಿದ. ದಡದಲ್ಲಿ ನನ್ನ ಪಂಚೆ ಒದ್ದೆಯಾಗದ ಹಾಗೆ ದೋಣಿಯ ಅಂಚನ್ನು ಒತ್ತಿ ಹಿಡಿದುಕೊಂಡ.

"ನಿಧಾನ ಇಳ್ಕಣಿ," ಎಂದ.

ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಅವಳನ್ನು ಅಮಾಸೆಬೈಲಿನ ಕಡೆ ಕೊಟ್ಟರೆಂದು ಕೇಳಿದೆ. ಎಷ್ಟೋ ವರ್ಷದ ಮೇಲೆ ಮಾವ ತೀರಿಕೊಂಡದ್ದನ್ನೂ ಕೇಳಿದೆ. ಅವನನ್ನು ಕೊನೆಯದಾಗಿ ನೋಡಲು ಅವಳು ಬಂದಿದ್ದಳೋ ಇಲ್ಲವೋ ವಿಚಾರಿಸಲು ಧೈರ್ಯ ಬರಲಿಲ್ಲ. ನನ್ನ ಕೆಲಸ ಹೋಗಲಿಲ್ಲ. ಟ್ರೈನಿಂಗಿಗೂ ಕಳಿಸಿದರು, ಪಿಂಚಣಿಯೂ ಬಂತು.

ಅವಳು ಬದುಕಿದ್ದರೆ ಈಗ ಮುದುಕಿ. ಓದು ಬಲ್ಲವಳು, ಇದು ಅವಳ ಕೈಗೆ ಸಿಕ್ಕರೂ ಸಿಗಬಹುದು. ನಿನ್ನ ಮಾವನಿಗೆ ನಾನು ಏನೂ ಹೇಳಿರಲಿಲ್ಲ. ಹೇಳಿದ್ದು ನಿನ್ನ ಅಪ್ಪನಿಗೆ, ಬ್ರಹ್ಮಾವರದ ರಸ್ತೆ ಬದಿಯಲ್ಲಿ ನಿಂತು.